ಎಂಜಿನ್ನಿಗೊಂದು ಕೂಡಾವಳಿ

ಮನೆಯಲ್ಲಿ ಹಳೆಯ ಕಾರೊಂದು ಇದ್ದರೆ ಸಲಹೆಗಾರರಿಗೆ ಬರವೆಂಬುದೇ ಇಲ್ಲ. ಹಸು ಸಾಕಿದವನಿಗೂ ತೋಟ ಮಾಡಿದವನಿಗೂ ಉಪದೇಶ ನೀಡಬೇಕಾದರೆ ತಕ್ಕಮಟ್ಟಿನ ಅನುಭವವಾದರೂ ಇರಬೇಕು; ಹಳೆಯ ಕಾರಿನ ಯಜಮಾನನಿಗೆ ಉಪದೇಶಿಸಲು ಯಾವ ಅರ್ಹತೆಯೂ ಬೇಕಾಗಿಲ್ಲ. ಹಾಲು ತರುವ ಹುಡುಗನಿಂದ ಹಿಡಿದು ನಿವೃತ್ತರಾದ ನ್ಯಾಯಾಧೀಶರವರೆಗೆ ಎಲ್ಲರೂ ಬಾನೆಟ್ಟಿನ ಮುಂದೆ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದೇ ಮಾತು ಹೇಳುತ್ತಾರೆ: “ಎಂಜಿನ್ನನ್ನು ಸ್ವಲ್ಪ ದೊಡ್ಡದು ಮಾಡಿಸಿಬಿಡಿ ಸ್ವಾಮಿ, ಆಮೇಲೆ ನೋಡಿ!” ಈ ‘ಸ್ವಲ್ಪ ದೊಡ್ಡದು’ ಎಂಬ ಎರಡು ಪದಗಳೊಳಗೆ ಏನೇನು ಅಡಗಿದೆ ಎಂಬುದನ್ನು ಕಳೆದ ಮಳೆಗಾಲದಲ್ಲಿ ನಮ್ಮ ಮನೆಯವರೆಲ್ಲರೂ ಕೂಡಿ ಅರಿತುಕೊಳ್ಳುವ ಪ್ರಸಂಗ ಒದಗಿತು.

ಕಾರು ‘ನಮ್ಮದು’ ಎನ್ನುವುದು ನನ್ನ ಬಾಯಿಮಾತು. ನಿಜಕ್ಕೂ ಅದು ನನ್ನ ಶ್ರೀಮತಿಯ ತವರಿನ ಸೊತ್ತು. 1954ರ ಮಾರಿಸ್ ಮೈನರ್. ಸಕಲೇಶಪುರದಲ್ಲಿ ವೈದ್ಯರಾಗಿದ್ದ ನನ್ನ ಮಾವನವರು ಅದನ್ನು 1961ರಲ್ಲಿ ಒಬ್ಬ ತೋಟದ ಮಾಲೀಕರಿಂದ ಕೊಂಡಿದ್ದರು. ನಡುರಾತ್ರಿಯಲ್ಲಿ ಕಾಫಿ ತೋಟದಿಂದ ಕರೆ ಬಂದರೆ ಔಷಧದ ಪೆಟ್ಟಿಗೆಯನ್ನೂ ಟಾರ್ಚನ್ನೂ ಪಕ್ಕದ ಆಸನದಲ್ಲಿಟ್ಟುಕೊಂಡು, ಜಡಿಮಳೆಯಲ್ಲಿಯೇ ಹೊರಡುತ್ತಿದ್ದರಂತೆ. ಆ ಕಾರಿನಲ್ಲಿ ಹೋಗಿ ಅವರು ಲೋಕಕ್ಕೆ ಬರಮಾಡಿಕೊಂಡ ಕೂಸುಗಳು ಈಗ ಅಜ್ಜ ಅಜ್ಜಿಯರಾಗಿದ್ದಾರೆ. ಹಸಿರು ರಟ್ಟಿನ ಪುಸ್ತಕವೊಂದರಲ್ಲಿ ಮಾವನವರು ಪ್ರತಿಯೊಂದು ಪ್ರಯಾಣದ ಲೆಕ್ಕ ಬರೆದಿಟ್ಟಿದ್ದರು. “ಶಿರಾಡಿ ಘಾಟಿ. ಎರಡನೆಯ ಗೇರು. ನೀರು ಕುದಿಯಲಿಲ್ಲ” — ಇಂತಹ ಸಾಲುಗಳು ಅದರಲ್ಲಿ ಎಷ್ಟೋ ಇವೆ. ಅವರು ಕಾಲವಾದ ಮೇಲೆ ಕಾರೂ ಪುಸ್ತಕವೂ ಏಕಮಾತ್ರ ಪುತ್ರಿಯಾದ ನನ್ನಾಕೆಗೆ ಬಂದವು; ಬೆಂಗಳೂರಿನ ನಮ್ಮ ಮನೆಯ ಷೆಡ್ಡಿನಲ್ಲಿ ನೆಲೆಸಿದವು.

ಕಳೆದ ವರ್ಷ ಕಾರು ನೀಲಿ ಹೊಗೆ ಉಗುಳತೊಡಗಿತು. ಪೆಟ್ರೋಲಿನಷ್ಟೇ ಅಕ್ಕರೆಯಿಂದ ಎಣ್ಣೆಯನ್ನೂ ಕುಡಿಯತೊಡಗಿತು. ನಮ್ಮ ಮೇಸ್ತ್ರಿಗಳನ್ನು ಕರೆಸಿದೆವು. ಐವತ್ತು ವರ್ಷಗಳಿಂದ ಇಂತಹ ಎಂಜಿನ್ನುಗಳ ಸಹವಾಸ ಮಾಡಿದ ವೃದ್ಧರು. ಮಾತು ಮಿತ, ಅಳತೆ ಅಧಿಕ. ಎಂಜಿನ್ನನ್ನು ಬಿಚ್ಚಿ, ಸಿಲಿಂಡರುಗಳ ಒಳಗೆ ಮಾಪಕವನ್ನಿಳಿಸಿ, ಮೇಲೆ ಕೆಳಗೆ ಅಡ್ಡ ಉದ್ದ ನೋಡಿ, ಮೇಲ್ಭಾಗದಲ್ಲಿ ಒಂಬತ್ತು ‘ಥೌ’ ಸವೆದಿದೆಯೆಂದು ತೀರ್ಪಿತ್ತರು. ಇಂಚಿನ ಸಾವಿರದ ಒಂದು ಪಾಲಿಗೆ ಅವರ ಭಾಷೆಯಲ್ಲಿ ‘ಥೌ’ ಎಂದು ಹೆಸರು. “ಇಷ್ಟು ವರ್ಷವಾದರೂ ಒಮ್ಮೆಯೂ ಬೋರ್ ಮಾಡಿಸಿಲ್ಲ ಅಮ್ಮಾ. ಈಗ ಮಾಡಿಸಲೇಬೇಕು,” ಎಂದು ನನ್ನಾಕೆಗೆ ಹೇಳಿದರು. ಕಾರಿನ ಯಜಮಾನಿ ಯಾರೆಂಬುದು ಅವರಿಗೆ ಚೆನ್ನಾಗಿ ಗೊತ್ತು.

ಸಿಲಿಂಡರನ್ನು ಹೇಗೂ ಕೊರೆಯಬೇಕೆಂದ ಮೇಲೆ ‘ಸ್ವಲ್ಪ ದೊಡ್ಡದು’ ತಲೆಯೆತ್ತದೆ ಇದ್ದೀತೆ? ಮೊದಲು ಎತ್ತಿದವನು ನಮ್ಮ ಮಗ. ಅವನಿರುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರದಲ್ಲಿ. ಈ ಜಾತಿಯ ಎಂಜಿನ್ನುಗಳಿಗೆ ತವರಾದ ಲಾಂಗ್‌ಬ್ರಿಜ್ ಕಾರ್ಖಾನೆ ಇದ್ದದ್ದು ಅದೇ ಊರಿನಲ್ಲಿ. “ಅಮ್ಮಾ, ಇಲ್ಲಿ ಎಲ್ಲ ಭಾಗಗಳೂ ಇಂದಿಗೂ ದೊರೆಯುತ್ತವೆ. ಅಜ್ಜನ ಕಾರಿಗೆ ಬಲ ತುಂಬೋಣ. ನಾಲ್ಕು ಜನ ಕುಳಿತು ಘಾಟಿ ಹತ್ತಿದರೆ ಹಿಂದಿನ ಲಾರಿಯವನು ಹಾರ್ನ್ ಬಾರಿಸಬಾರದು,” ಎಂದು ದೂರವಾಣಿಯಲ್ಲಿ ಮುಖ ತೋರಿಸಿ ಹೇಳಿ, ಮರುದಿನವೇ ಒಂದು ಪಟ್ಟಿಯನ್ನು ಕಳುಹಿಸಿದ: 948ರ ಪಿಸ್ಟನ್ನುಗಳು, 1098ರ ಕ್ರ್ಯಾಂಕ್, 1275ರ ಕ್ಯಾಮ್ ಷಾಫ್ಟ್. ಒಂದೊಂದೂ ತನ್ನ ತನ್ನ ವಂಶದಲ್ಲಿ ಉತ್ತಮವಾದದ್ದೇ.

ನನ್ನಾಕೆ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವಳು. ಪಟ್ಟಿಯನ್ನು ಎರಡು ಬಾರಿ ಓದಿ, ಕನ್ನಡಕ ತೆಗೆದು, “ನೋಡಿ, ಹುಡುಗ ವಧುವನ್ನು ಒಂದು ಮನೆಯಿಂದ, ವರನನ್ನು ಇನ್ನೊಂದು ಮನೆಯಿಂದ, ಪುರೋಹಿತರನ್ನು ಮೂರನೆಯ ಮನೆಯಿಂದ ಕರೆತಂದಿದ್ದಾನೆ. ಕೂಡಾವಳಿಯನ್ನು ಯಾರೂ ನೋಡಿದಂತಿಲ್ಲ,” ಎಂದಳು. ಅಂದಿನಿಂದ ಊಟದ ಮೇಜಿನ ಮೇಲೆ ಎಂಜಿನ್ನಿನ ಕೂಡಾವಳಿ ಪ್ರಾರಂಭವಾಯಿತು.

ವಾಚಕ ಮಹಾಶಯರಲ್ಲಿ ಗಣಿತಕ್ಕೆ ಹೆದರುವವರು ಇದ್ದರೆ ಅಡಿಗೆಮನೆಯ ಚಕ್ಕುಲಿ ಒರಳನ್ನು ನೆನೆಯಲಿ. ಒರಳಿನ ಕೊಳವೆಯೇ ಸಿಲಿಂಡರು. ಒತ್ತುವ ಹಿಡಿಯೇ ಪಿಸ್ಟನ್. ಒಂದು ಸಲಕ್ಕೆ ಹೆಚ್ಚು ಹಿಟ್ಟು ಹಿಡಿಯಬೇಕಾದರೆ ದಾರಿಗಳು ಎರಡೇ: ಕೊಳವೆಯನ್ನು ಅಗಲಿಸಬೇಕು, ಇಲ್ಲವೆ ಹಿಡಿ ಇನ್ನಷ್ಟು ಆಳಕ್ಕೆ ಇಳಿಯುವಂತೆ ಮಾಡಬೇಕು. ಅಗಲಕ್ಕೆ ‘ಬೋರ್’ ಎಂದೂ, ಏರಿಳಿತದ ಉದ್ದಕ್ಕೆ ‘ಸ್ಟ್ರೋಕ್’ ಎಂದೂ ಹೆಸರು. ಬೋರನ್ನು ಬೋರಿನಿಂದಲೇ ಗುಣಿಸಿ, 0.7854ರಿಂದ ಗುಣಿಸಿ, ಸ್ಟ್ರೋಕಿನಿಂದ ಗುಣಿಸಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿದರೆ ಎಂಜಿನ್ನಿನ ಗಾತ್ರ ದೊರೆಯುತ್ತದೆ. ಬೋರನ್ನು ಹಿಗ್ಗಿಸಬೇಕಾದರೆ ಎಂಜಿನ್ನಿನ ಒಡಲಾದ ಬ್ಲಾಕನ್ನು ಕೊರೆಯಬೇಕು. ಸ್ಟ್ರೋಕನ್ನು ಹಿಗ್ಗಿಸಬೇಕಾದರೆ ಕ್ರ್ಯಾಂಕನ್ನೇ ಬದಲಾಯಿಸಬೇಕು.

ಇನ್ನು ವಂಶಾವಳಿ. 1951ರಲ್ಲಿ ಆಸ್ಟಿನ್ ಎ30 ಎಂಬ ಪುಟ್ಟ ಕಾರಿನೊಡನೆ ಹುಟ್ಟಿದ ಈ ಎಂಜಿನ್ನಿಗೆ ‘ಎ ಸರಣಿ’ ಎಂದು ಹೆಸರಾಯಿತು. 1952ರಲ್ಲಿ ಆಸ್ಟಿನ್ ಮತ್ತು ಮಾರಿಸ್ ಮನೆತನಗಳು ಒಂದಾದ ಮೇಲೆ ಅದು ಮೈನರ್ ಕಾರಿಗೂ ಬಂದಿತು. ಆಗಿನ ಗಾತ್ರ 803 ಘನ ಸೆಂಟಿಮೀಟರ್, ಬೋರ್ 57.9, ಸ್ಟ್ರೋಕ್ 76.2 ಮಿಲಿಮೀಟರ್, ಬಲ 30 ಅಶ್ವಶಕ್ತಿ. 1956ರಲ್ಲಿ ಮೈನರ್ 948 ಆಯಿತು, ಬೋರ್ 62.9, ಸ್ಟ್ರೋಕ್ ಮೊದಲಿನಷ್ಟೇ, ಬಲ 37. 1962ರಲ್ಲಿ 1098 ಆಯಿತು, ಬೋರ್ 64.6, ಸ್ಟ್ರೋಕ್ 83.7; ಬಲ 48. ಇದೇ ಕುಲದ ಹಿರಿಯಣ್ಣನಾದ 1275, ಮಿನಿ ಕೂಪರ್ ಎಸ್ ಮುಂತಾದ ಕಾರುಗಳಲ್ಲಿ ಮೆರೆಯಿತು. ಅದರ ಬೋರ್ 70.6, ಸ್ಟ್ರೋಕ್ 81.3. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರೆಲ್ಲರೂ ಒಂದೇ ಮುಖ, ಒಂದೇ ಮೈಕಟ್ಟು. ಈ ಹೋಲಿಕೆಯೇ ಮೋಸಕ್ಕೆ ಮೂಲ.

ಮೊದಲನೆಯ ಕೂಟ, ಪಿಸ್ಟನ್ನಿಗೂ ಬ್ಲಾಕಿಗೂ. 948ರ ಪಿಸ್ಟನ್ ನಮ್ಮದಕ್ಕಿಂತ ಐದು ಮಿಲಿಮೀಟರ್ ಅಗಲ. ಅಂದರೆ ಪ್ರತಿಯೊಂದು ಸಿಲಿಂಡರಿನ ಗೋಡೆಯನ್ನು ಸುತ್ತಲೂ ಎರಡೂವರೆ ಮಿಲಿಮೀಟರ್ ಕೊರೆದು ಹಾಕಬೇಕು. ಆ ಗೋಡೆಯ ಆಚೆ ಇರುವುದು ಎಂಜಿನ್ನನ್ನು ತಂಪಾಗಿಡುವ ನೀರು. ಗೋಡೆ ತೂತಾದರೆ ಬ್ಲಾಕಿನ ಕಥೆ ಮುಗಿಯಿತು. ತಯಾರಕರೇ 948ನ್ನು ಮಾಡುವಾಗ ಹಳೆಯ ಬ್ಲಾಕನ್ನು ಕೊರೆಯಲಿಲ್ಲ. ಎರಕದ ಅಚ್ಚನ್ನೇ ಬದಲಿಸಿದರು. ಒಂದು ಎರಡನೆಯ ಸಿಲಿಂಡರುಗಳನ್ನೂ, ಮೂರು ನಾಲ್ಕನೆಯವನ್ನೂ ಜೊತೆಜೊತೆಯಾಗಿ ಅಂಟಿಸಿ, ನಡುವಣ ನೀರಿನ ದಾರಿಯನ್ನು ತೆಗೆದು, ಆ ಜಾಗವನ್ನು ಬೋರಿಗೆ ಕೊಟ್ಟರು. ಎರಕ ಹೊಯ್ಯುವಾಗ ಒಳಗಿನ ಮರಳಿನ ಅಚ್ಚು ಕೊಂಚ ಸರಿದರೆ ಗೋಡೆ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗುವುದೂ ಉಂಟು. ಆದುದರಿಂದ, ಕೊರೆಯುವ ಮುನ್ನ ಗೋಡೆಯ ದಪ್ಪವನ್ನು ಕಿವಿಗೆ ಕೇಳಿಸದ ಧ್ವನಿಯ ಅಲೆಗಳಿಂದ ಅಳೆಯುವ ಸಣ್ಣ ಯಂತ್ರದಿಂದ ಪರೀಕ್ಷಿಸುವುದು ಲೇಸು.

ಎರಡನೆಯ ಕೂಟ, ಕ್ರ್ಯಾಂಕಿಗೂ ಕನೆಕ್ಟಿಂಗ್ ರಾಡಿಗೂ. ರಾಡು ಕ್ರ್ಯಾಂಕನ್ನು ಹಿಡಿಯುವ ಉರುಳೆಯ ದಪ್ಪ ನಮ್ಮ 803ರಲ್ಲಿ ಒಂದು ಇಂಚು ಮತ್ತು ಹದಿನಾರನೆಯ ಏಳು ಪಾಲು; 948ರಲ್ಲಿ ಒಂದು ಇಂಚು ಮತ್ತು ಎಂಟನೆಯ ಐದು ಪಾಲು. ಹೀಗಾಗಿ ಇದರ ರಾಡು ಅದಕ್ಕೆ ಕೂಡದು. ಅಲ್ಲದೆ, ಸ್ಟ್ರೋಕ್ ಎರಡಕ್ಕೂ ಒಂದೇ ಆದುದರಿಂದ 948ರ ಕ್ರ್ಯಾಂಕನ್ನು ತಂದರೂ ಗಾತ್ರ ಒಂದು ಹನಿಯಷ್ಟೂ ಹೆಚ್ಚದು. ದೃಢತೆ ಮಾತ್ರ ಹೆಚ್ಚುತ್ತದೆ. ಇನ್ನು 1275ರ ಕ್ರ್ಯಾಂಕಾದರೆ ಅದರ ಮುಖ್ಯ ಬೇರಿಂಗುಗಳು ಎರಡು ಇಂಚು. 948ರಲ್ಲಿ ಅವು ಒಂದೂ ಮುಕ್ಕಾಲು. ಬ್ಲಾಕಿನಲ್ಲಿ ಅದಕ್ಕೆ ಆಸನವೇ ಇಲ್ಲ.

ಮೂರನೆಯ ಕೂಟ, ಸ್ಟ್ರೋಕಿಗೂ ಪಿಸ್ಟನ್ನಿನ ಎತ್ತರಕ್ಕೂ. 1098ರ ಕ್ರ್ಯಾಂಕು ಏಳೂವರೆ ಮಿಲಿಮೀಟರ್ ಹೆಚ್ಚು ಓಡಾಡುತ್ತದೆ. ಅದರಲ್ಲಿ ಅರ್ಧ ಕೆಳಗೆ, ಅರ್ಧ ಮೇಲೆ. ರಾಡಿನ ಉದ್ದ ಬದಲಾಗದಿದ್ದರೆ ಪಿಸ್ಟನ್ನು ಮೊದಲಿಗಿಂತ ಮೂರೂ ಮುಕ್ಕಾಲು ಮಿಲಿಮೀಟರ್ ಮೇಲೇರುತ್ತದೆ. ಪಿಸ್ಟನ್ನಿನೊಳಗಿನ ಪಿನ್ನಿನ ಸ್ಥಾನ ಅಷ್ಟೇ ಮೇಲಕ್ಕೆ ಇರದಿದ್ದಲ್ಲಿ ತಲೆ ಹೆಡ್ಡಿಗೆ ಬಡಿಯುತ್ತದೆ. ಇದನ್ನರಿಯಲು ಮೇಸ್ತ್ರಿಗಳು ಹೇಳಿದ ಉಪಾಯ ಬಲು ಸರಳ: ಮಕ್ಕಳು ಆಡುವ ಮೇಣದ ಮಣ್ಣನ್ನು ಪಿಸ್ಟನ್ನಿನ ತಲೆಯ ಮೇಲಿಟ್ಟು, ಹೆಡ್ಡನ್ನು ಬಿಗಿದು, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ, ಚಪ್ಪಟೆಯಾದ ಮಣ್ಣಿನ ದಪ್ಪವನ್ನು ಅಳೆಯುವುದು. ಅಲ್ಲಿ ಉಳಿದಿರುವುದೇ ನಿಜವಾದ ಅಂತರ.

ನಾಲ್ಕನೆಯ ಕೂಟವನ್ನು ನನ್ನಾಕೆ ಕಾಗದದ ಮೇಲೆಯೇ ಮಾಡಿ ತೋರಿಸಿದಳು. ನಮ್ಮ ಒಂದು ಸಿಲಿಂಡರು ಹಿಡಿಯುವುದು ಸುಮಾರು 201 ಘನ ಸೆಂಟಿಮೀಟರ್. ಅದನ್ನು ಅದುಮಿ ತುಂಬುವ ಮೇಲಿನ ಕುಳಿ ಸುಮಾರು 32.4. ಆದುದರಿಂದ ಅದುಮುವ ಪ್ರಮಾಣ 7.2ಕ್ಕೆ ಒಂದು. ಕುಳಿಯನ್ನು ಹಾಗೆಯೇ ಬಿಟ್ಟು 948ರಂತೆ 237 ತುಂಬಿದರೆ ಪ್ರಮಾಣ 8.3, 1098ರಂತೆ 274 ತುಂಬಿದರೆ ಒಂಬತ್ತೂವರೆಗೆ ಹತ್ತಿರ. “ಅದೇ ಪಾತ್ರೆಯಲ್ಲಿ ಹೆಚ್ಚು ಅಕ್ಕಿ ಬೇಯಿಸಿದಂತೆ,” ಎಂದಳು. ಪ್ರಮಾಣ ಮಿತಿಮೀರಿದರೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು, ಎಂಜಿನ್ನು ಒಳಗಿಂದಲೇ ಬಡಿದುಕೊಳ್ಳುತ್ತದೆ. ಸಿಲಿಂಡರನ್ನು ದೊಡ್ಡದು ಮಾಡಿದವನು ಹೆಡ್ಡನ್ನು ಮರೆಯುವಂತಿಲ್ಲ.

ಇನ್ನು ಕ್ಯಾಮ್ ಷಾಫ್ಟಿನ ವಿಚಾರ. ಈ ವಂಶದಲ್ಲಿ ಎಣ್ಣೆಯ ಪಂಪನ್ನು ತಿರುಗಿಸುವುದು ಕ್ಯಾಮ್ ಷಾಫ್ಟಿನ ಹಿಂಬದಿಯ ತುದಿ. ಆ ತುದಿ ಹಳೆಯವುಗಳಲ್ಲಿ ಪಿನ್ನಿನ ಆಕಾರ, ಕೆಲವುಗಳಲ್ಲಿ ನಕ್ಷತ್ರದಾಕಾರ, ಮತ್ತೆ ಕೆಲವುಗಳಲ್ಲಿ ಸೀಳಿದ ಗಾಡಿಯ ಆಕಾರ. ಷಾಫ್ಟು ಒಂದು ಬಗೆ, ಪಂಪು ಇನ್ನೊಂದು ಬಗೆಯಾದರೆ ಎಂಜಿನ್ನಿಗೆ ಎಣ್ಣೆಯೇ ಇಲ್ಲ! ಎಷ್ಟು ಬೆಲೆಬಾಳುವ ಪಿಸ್ಟನ್ನಿದ್ದರೇನು, ಕೆಲವೇ ನಿಮಿಷಗಳಲ್ಲಿ ಬೇರಿಂಗುಗಳು ಸುಟ್ಟು ಕರಿಕಾಗುತ್ತವೆ.

ಇಷ್ಟೆಲ್ಲ ಆದ ಮೇಲೆಯೂ ಎಂಜಿನ್ನಿನ ಹೊರಗೆ ಬಂಧುಬಳಗ ಕಾದು ನಿಂತಿದೆ. 1098 ಬಂದಾಗ ತಯಾರಕರು ಆರೂಕಾಲು ಇಂಚಿನ ಕ್ಲಚ್ಚನ್ನು ಏಳೂಕಾಲು ಇಂಚಿಗೆ ಏರಿಸಿದರು. ಹಿಂದಿನ ಆಕ್ಸಲಿನ ಹಲ್ಲುಗಳ ಅನುಪಾತವನ್ನು ಬದಲಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ಬ್ರೇಕಿನ ಡ್ರಮ್ಮುಗಳನ್ನು ಏಳು ಇಂಚಿನಿಂದ ಎಂಟು ಇಂಚಿಗೆ ಹೆಚ್ಚಿಸಿದರು. ಓಡುವ ಶಕ್ತಿಯನ್ನು ಹೆಚ್ಚಿಸಿದವನು ನಿಲ್ಲುವ ಶಕ್ತಿಯನ್ನೂ ಹೆಚ್ಚಿಸತಕ್ಕದ್ದೆಂಬ ವಿವೇಕ ಅವರಿಗಿತ್ತು. ಘಾಟಿ ಹತ್ತುವುದನ್ನೇ ಕನಸು ಕಾಣುವವರು, ಹತ್ತಿದ್ದನ್ನು ಇಳಿಯಬೇಕೆಂಬುದನ್ನೂ ನೆನೆಯಬೇಕಷ್ಟೆ.

ಒಂದು ಭಾನುವಾರ ಈ ಪಟ್ಟಿಯನ್ನೆಲ್ಲ ಮಗನಿಗೆ ಓದಿ ಹೇಳಿದಳು. ಹುಡುಗ ಜಾಣ, ವಾದಕ್ಕೆ ನಿಲ್ಲಲಿಲ್ಲ. “ಹಾಗಾದರೆ ಬಿಡಿಭಾಗಗಳು ಬೇಡ ಅಮ್ಮಾ. ಒಂದೇ ಕಾರಿನಿಂದ ಬಂದ 948ರ ಎಂಜಿನ್ನನ್ನು ಅದರ ಗೇರ್‌ಬಾಕ್ಸಿನ ಸಮೇತ ಕಳುಹಿಸುತ್ತೇನೆ. ಇಲ್ಲಿ ಅನೇಕರು ಹಾಗೆಯೇ ಮಾಡುತ್ತಾರೆ. ಅದರ ಕೂಡಾವಳಿಯನ್ನು ಕಾರ್ಖಾನೆಯವರೇ 1956ರಲ್ಲಿ ನೋಡಿ ಮುಗಿಸಿದ್ದಾರೆ,” ಎಂದ. ಮಾತು ನೂರಕ್ಕೆ ನೂರು ಸರಿ. ಹಳೆಯ ಎಂಜಿನ್ನನ್ನು ಹಿಗ್ಗಿಸಬಯಸುವವರಿಗೆ ಇದಕ್ಕಿಂತ ಒಳ್ಳೆಯ ಸೂತ್ರ ಬೇರಿಲ್ಲ: ಉತ್ತಮವಾದ ಒಂದೊಂದು ಭಾಗವನ್ನು ಆರಿಸಬೇಡಿ, ಪರಸ್ಪರ ಬಲ್ಲ ಭಾಗಗಳ ಒಂದು ಕುಟುಂಬವನ್ನು ಆರಿಸಿ. ಮೊದಲು ಬ್ಲಾಕು, ಅದಕ್ಕೊಪ್ಪುವ ಕ್ರ್ಯಾಂಕು, ಕ್ರ್ಯಾಂಕಿಗೊಪ್ಪುವ ರಾಡು, ರಾಡಿಗೊಪ್ಪುವ ಪಿಸ್ಟನ್ನು, ಅನಂತರ ಹೆಡ್ಡು. ಮೊಹರನ್ನು ನಂಬದೆ ಪ್ರತಿಯೊಂದನ್ನೂ ಅಳೆಯಿರಿ. ನಾಲ್ಕು ಪಿಸ್ಟನ್ನುಗಳನ್ನೂ ಅಕ್ಕಸಾಲಿಗನಂತೆ ತೂಗಿ ಸರಿದೂಗಿಸಿರಿ.

ಆದರೂ ನನ್ನಾಕೆ ಕೂಡಲೇ ‘ಹೂಂ’ ಎನ್ನಲಿಲ್ಲ. ಪಕ್ಕದ ಮನೆಯ ವಕೀಲರನ್ನು ವಿಚಾರಿಸಿದೆವು. 1988ರ ಮೋಟಾರು ವಾಹನ ಕಾಯದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ನಮೂದಿಸಿದ್ದಕ್ಕಿಂತ ಭಿನ್ನವಾಗುವ ಹಾಗೆ ವಾಹನವನ್ನು ಮಾರ್ಪಡಿಸಬಾರದೆಂದು ಅವರು ತಿಳಿಸಿದರು. ಐವತ್ತು ವರ್ಷ ದಾಟಿದ ವಾಹನಗಳಿಗಾಗಿ 2021ರ ಜುಲೈಯಲ್ಲಿ ಹೊರಟ ನಿಯಮಗಳೂ, ಚಾಸಿಯಲ್ಲಾಗಲಿ ಒಡಲಿನಲ್ಲಾಗಲಿ ಎಂಜಿನ್ನಿನಲ್ಲಾಗಲಿ ದೊಡ್ಡ ಬದಲಾವಣೆಯಾಗದೆ ಮೂಲರೂಪದಲ್ಲಿರುವುದನ್ನೇ ‘ವಿಂಟೇಜ್’ ಎಂದು ಮನ್ನಿಸುತ್ತವೆ. ಮುಂದೊಂದು ದಿನ ಮೊಮ್ಮಕ್ಕಳು ಈ ಕಾರನ್ನು ಆ ಗೌರವದ ಪಂಕ್ತಿಗೆ ಸೇರಿಸಬೇಕೆಂದರೆ ಅಜ್ಜನ ಎಂಜಿನ್ನು ಅಜ್ಜನದಾಗಿಯೇ ಉಳಿದಿರಬೇಕು.

ಆದರೆ ಅವಳ ಮನಸ್ಸನ್ನು ನಿಜವಾಗಿ ಕಟ್ಟಿಹಾಕಿದ್ದು ಕಾನೂನಲ್ಲ. ಮೇಸ್ತ್ರಿಗಳ ಒಂದು ಮಾತು. “ಅಮ್ಮಾ, ಕಬ್ಬಿಣಕ್ಕೆ ಲೋಹ ಸೇರಿಸಲಾಗದು, ತೆಗೆಯಬಹುದು ಅಷ್ಟೆ. ಈ ಗೋಡೆಯಲ್ಲಿ ಇಪ್ಪತ್ತು ಥೌ ತೆಗೆದರೆ ಇನ್ನೂ ಎರಡು ಸಲ ಕೊರೆಯಲು ಜಾಗ ಉಳಿಯುತ್ತದೆ. ಈಗಲೇ ಎಲ್ಲವನ್ನೂ ತೆಗೆದುಬಿಟ್ಟರೆ ಮುಂದಿನವರಿಗೆ ಏನು ಬಿಟ್ಟಂತಾಯಿತು?”

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹಸಿರು ಪುಸ್ತಕವನ್ನು ತೆರೆದು 1964ರ ಒಂದು ಪುಟವನ್ನು ನನ್ನ ಮುಂದಿಟ್ಟಳು. ಆಷಾಢದ ರಾತ್ರಿ, ಒಂದು ತೋಟದ ಹೆಸರು, “ಎರಡನೆಯ ಗೇರು. ನಿಧಾನ. ತಾಯಿ ಮಗು ಕ್ಷೇಮ.” ಮೂವತ್ತು ಅಶ್ವಗಳು ಆ ರಾತ್ರಿಗೆ ಸಾಕಾಗಿದ್ದವು. “ನಾವು ತುರ್ತಾಗಿ ಯಾರ ಪ್ರಾಣ ಉಳಿಸಲು ಹೋಗುತ್ತಿದ್ದೇವೆ? ಲಾರಿಯವನು ಹಾರ್ನ್ ಬಾರಿಸಿದರೆ ಪಕ್ಕಕ್ಕೆ ಸರಿದು ದಾರಿ ಬಿಡೋಣ,” ಎಂದಳು. ಆ ಮಾತಿನಲ್ಲಿ ತೀರ್ಮಾನವಾಯಿತು.

ಮಗ ಬರ್ಮಿಂಗ್‌ಹ್ಯಾಂನಿಂದ ಇಪ್ಪತ್ತು ಥೌ ದೊಡ್ಡದಾದ 803ರ ಪಿಸ್ಟನ್ನುಗಳನ್ನು ಉಂಗುರಗಳ ಸಮೇತ ಕಳುಹಿಸಿದ. ಸವೆತದ ದುರಸ್ತಿಗೆಂದು ತಯಾರಕರೇ ನಿಗದಿಗೊಳಿಸಿದ್ದ ಅಳತೆಯದು. ಪಿಸ್ಟನ್ನುಗಳು ಕೈಗೆ ಬರುವ ತನಕ ಮೇಸ್ತ್ರಿಗಳು ಬ್ಲಾಕನ್ನು ಲೇತಿನವರ ಬಳಿಗೆ ಕಳುಹಿಸಲಿಲ್ಲ. ಪಿಸ್ಟನ್ನನ್ನು ನೋಡಿ ಬೋರ್ ಕೊರೆಯಬೇಕೇ ಹೊರತು, ಬೋರ್ ಕೊರೆದು ಪಿಸ್ಟನ್ನನ್ನು ಹುಡುಕಬಾರದೆಂಬುದು ಅವರ ಶಾಸ್ತ್ರ. ಒಂದೊಂದು ಪಿಸ್ಟನ್ನಿಗೂ ಒಂದೊಂದು ಸಿಲಿಂಡರನ್ನು ಗೊತ್ತುಮಾಡಿ, ಸೀಮೆಸುಣ್ಣದಿಂದ ಸಂಖ್ಯೆ ಬರೆದು, ತಾವೇ ಜೊತೆಗೆ ಹೋಗಿ ನಿಂತು ಕೊರೆಸಿಕೊಂಡು ಬಂದರು. ನೀಲಿ ಹೊಗೆ ನಿಂತಿತು. ಎಣ್ಣೆಯ ಖರ್ಚು ಇಳಿಯಿತು. ಕಾರು ಶಿರಾಡಿ ಘಾಟಿಯನ್ನು ಎರಡನೆಯ ಗೇರಿನಲ್ಲಿ, ತನ್ನ ಹಳೆಯ ಗಾಂಭೀರ್ಯದಿಂದಲೇ ಹತ್ತಿತು, ನೀರು ಕುದಿಯಲಿಲ್ಲ.

ಎಂಜಿನ್ನು ದೊಡ್ಡದಾಗಲೇ ಇಲ್ಲವೆ ಎಂದು ಸಲಹೆಗಾರರು ಈಗಲೂ ಕೇಳುತ್ತಾರೆ. ಆಗದೆ ಏನು? 803 ಇದ್ದದ್ದು ಈಗ 817 ಆಗಿದೆ. ಹೆಚ್ಚಾದದ್ದು ಹದಿನಾಲ್ಕು ಘನ ಸೆಂಟಿಮೀಟರ್. ನನ್ನ ಮಾವನವರು ಬಾಟಲಿಯಲ್ಲಿ ಕಲಸಿ ಕೊಡುತ್ತಿದ್ದ ಮಿಕ್ಸ್ಚರಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಮೂರು ಚಮಚ. ಗೋಡೆಯಲ್ಲಿ ಇನ್ನೂ ಎರಡು ಸಲಕ್ಕಾಗುವಷ್ಟು ಕಬ್ಬಿಣ ಮಿಕ್ಕಿದೆ. ಅದನ್ನು ನನ್ನಾಕೆ ಹಸಿರು ಪುಸ್ತಕದ ಕೊನೆಯ ಪುಟದಲ್ಲಿ, ಮೊಮ್ಮಕ್ಕಳ ಹೆಸರಿನ ಮುಂದೆ, ಜಮೆಯೆಂದು ಬರೆದಿಟ್ಟಿದ್ದಾಳೆ.